ಕಳಾವರ್ ಏಳು

ಎಲ್ಲ ಮುಗಿದು, ಬಂದವರೆಲ್ಲ ಹೋಗಿ, ಬಾಡಿಗೆಗೆ ತಂದಿದ್ದ ಕುರ್ಚಿಗಳನ್ನು ಅಂಗಡಿಯವನು ಎಣಿಸಿಕೊಂಡು ಒಯ್ದ ಮರುದಿನ ಬೆಳಿಗ್ಗೆ ಹಾಲು ಎಂದಿನ ಹೊತ್ತಿಗೇ ಬಂತು. ನಲ್ಲಿಯಲ್ಲಿ ನೀರೂ ಬಂತು. ನೀರು ಬಂದದ್ದು ಅವಳಿಗೆ ಸ್ವಲ್ಪ ಅತಿಯಾಯಿತು ಅನ್ನಿಸಿತು. ಊರಿನ ನೀರಿನ ಘಟಕದಲ್ಲಿ ಬೆಳಗಿನ ಪಾಳಿಯ ಮೀಟರು ನೋಡುತ್ತಿದ್ದವನು ತೀರಿಹೋದ ಅವಳ ಗಂಡ. ತಾನೊಂದು ದಿನ ಹೋಗದಿದ್ದರೆ ಊರಿಗೆ ಊರೇ ಬಾಯಿ ಒಣಗಿಸಿಕೊಂಡು ಕೂರಬೇಕು ಎಂದು ಮದುವೆಯಾದಾಗಿನಿಂದ ಐದು ವರ್ಷ ಹೇಳಿಕೊಂಡು ಬಂದಿದ್ದ. ಊರು ಆರಾಮಾಗಿ ಹಲ್ಲುಜ್ಜುತ್ತಿತ್ತು.

ಮನೆಯಲ್ಲಿ ಉಳಿದವರು ಇಬ್ಬರು: ಗಂಡನ ಅಣ್ಣ, ಅಂದರೆ ಭಾವ, ಮತ್ತು ಅವರ ಹೆಂಡತಿ, ಅವಳು ಅಕ್ಕ ಎಂದು ಕರೆಯುವ ಓರಗಿತ್ತಿ. ಭಾವ ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತರಾದವರು. ಅಕ್ಕ ಉಳಿದದ್ದು ಒಂದೇ ಕೆಲಸಕ್ಕೆ. ಅವಳು ಇನ್ನೂ ಅತ್ತಿರಲಿಲ್ಲ. ಅವಳು ಅತ್ತ ಕೂಡಲೇ ಕೈಗೆ ಕೊಡಲೆಂದು ಒಂದು ಟವೆಲನ್ನು ಅಕ್ಕ ಹತ್ತು ದಿನದಿಂದ ಹೆಗಲ ಮೇಲೆ ಹಾಕಿಕೊಂಡೇ ಓಡಾಡುತ್ತಿದ್ದರು.

ಅಂದು ಬೆಳಿಗ್ಗೆ ಅವಳು ಆಸ್ಪತ್ರೆಯವರು ಕೊಟ್ಟಿದ್ದ ಕಂದು ಲಕೋಟೆ ಬಿಚ್ಚಿದಳು. ಕೈಗಡಿಯಾರ, ಬಾಚಣಿಗೆ, ಬಸ್ಸಿನ ಪಾಸು. ಆಮೇಲೆ ಅಂಗಿಯ ಎದೆ ಜೇಬಿನಲ್ಲಿ ಸಿಕ್ಕಿದ್ದು ಎಂದು ನರ್ಸು ಬರೆದಿಟ್ಟಿದ್ದ ಒಂದು ಇಸ್ಪೀಟು ಎಲೆ. ಕಳಾವರ್ ಏಳು. ಹಿಂಬದಿ ನೀಲಿ. ಅದರ ಜೊತೆ ನಾಲ್ಕು ಮಡಿಕೆಯ ಒಂದು ಚೀಟಿ. ಉದ್ದಿನಕಾಳು ಜೋಡಿಸಿಟ್ಟಂಥ ದುಂಡನೆಯ ಅಕ್ಷರ: "ಆರನೇ ಸಾಲು ಮುಟ್ಟಬೇಡಿ. ನಾನು ಬರುವ ತನಕ ಕಾಯಿರಿ."

ಅವಳ ಮುಖ ಕೆಂಪಾಯಿತು, ತುಟಿ ನಡುಗಿತು. ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ಅಕ್ಕ "ಬಂತು, ಬಂತು!" ಎನ್ನುತ್ತ ಟವೆಲ್ ಹಿಡಿದು ಓಡಿ ಬಂದರು.

"ಅತ್ತುಬಿಡು ಕಣೆ. ಮನಸ್ಸಿನಲ್ಲಿ ಏನೂ ಇಟ್ಕೋಬೇಡ."

"ಅಕ್ಕ, ಇವರು ಇಸ್ಪೀಟು ಆಡ್ತಿದ್ರಾ?"

ಅಕ್ಕ ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.

ವಿಷಯ ಇಷ್ಟು. ಮದುವೆಯಾದ ಹೊಸತರಲ್ಲಿ ಅವಳು ಕಾಲೇಜು ಹಾಸ್ಟೆಲಿನಿಂದ ತಂದ ಕೆಂಪು ಕಟ್ಟೊಂದನ್ನು ತೆಗೆದು "ಬನ್ನಿ, ಆಡೋಣ" ಎಂದಿದ್ದಳು. ಹಾಸ್ಟೆಲಿನಲ್ಲಿ ಅವಳನ್ನು ಸೋಲಿಸಿದವರಿರಲಿಲ್ಲ. ಗಂಡ ಎರಡು ಆಟ ಆಡಿ, ಎರಡರಲ್ಲೂ ನೆಲಕಚ್ಚಿ, "ನನಗೆ ಎಲೆ ಹಿಡಿಯೋಕೇ ಬರಲ್ಲ, ಬಿಡು" ಎಂದು ಎದ್ದು ಹೋಗಿದ್ದ. ಕೆಲವು ದಿನದಲ್ಲೇ ಆ ಕಟ್ಟೂ ಕಾಣೆಯಾಗಿತ್ತು. ಕೇಳಿದರೆ "ಎಲ್ಲೋ ಹೋಗಿರಬೇಕು" ಎಂದಿದ್ದ. ಎಲೆ ಹಿಡಿಯಲು ಬಾರದವನ ಎದೆಯ ಮೇಲೆ ಕಳಾವರ್ ಏಳು! ಅದೂ ಸಾಲದೆಂದು, ಕಾಯಿರಿ ಅಂತೆ. ಅವಳು ಸೀರೆ ಬದಲಿಸಲು ಐದು ನಿಮಿಷ ಹೆಚ್ಚು ತೆಗೆದುಕೊಂಡರೆ ಬೀದಿ ತುದಿಗೆ ಹೋಗಿ ಅಲ್ಲಿಂದ ಕೂಗುತ್ತಿದ್ದವನು ಅವನು. ಇಲ್ಲಿ ಯಾರದೋ ಒಂದು ಸಾಲಿಗೆ ಕಾದಿದ್ದಾನೆ.

ಅಷ್ಟೇ ಅಲ್ಲ. ಪಾಳಿ ಬಿಡುತ್ತಿದ್ದುದು ಎರಡಕ್ಕೆ. ಅವನು ಮನೆ ಸೇರುತ್ತಿದ್ದುದು ನಾಲ್ಕಕ್ಕೆ. ಬಸ್ಸಿನ ದಾರಿ ಅರ್ಧ ಗಂಟೆ. ಉಳಿದ ಒಂದೂವರೆ ಗಂಟೆಯನ್ನು ಐದು ವರ್ಷ ಅವಳು ಬಸ್ಸಿನವರ ತಲೆಗೆ ಕಟ್ಟಿ ಅವರನ್ನು ಬೈದಿದ್ದಳು.

ಭಾವ ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೂಸಿದರು. ಆಮೇಲೆ ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಲೆ ತಾರೀಖು ಬರೆದರು.

"ನೋಡಮ್ಮ, ಒಂದು ಎಲೆ ಇದೆ ಅಂದ್ರೆ ಮಿಕ್ಕ ಐವತ್ತೊಂದು ಎಲ್ಲೋ ಇರಲೇಬೇಕು. ಅವು ಎಲ್ಲಿವೆಯೋ ಅಲ್ಲಿ ಮನುಷ್ಯರೂ ಇರಬೇಕು. ಇದು ಲೆಕ್ಕ."

"ಮನುಷ್ಯರಲ್ಲ ಭಾವ. ಹೆಂಗಸು. ಅಕ್ಷರ ನೋಡಿ."

"ಛೆ! ನನ್ನ ತಮ್ಮ ಅಂಥವನಲ್ಲ" ಎಂದರು ಭಾವ. ಆದರೆ ಅಂದ ಮೇಲೆ ಮತ್ತೊಮ್ಮೆ ಅಕ್ಷರ ನೋಡಿದರು.

ಆರನೇ ಸಾಲು ಎಂದರೇನೆಂದು ತಿಳಿಯಲು ಇಬ್ಬರೂ ಕೆಳಗಿನ ಮನೆಗೆ ಹೋದರು. ಅಲ್ಲಿದ್ದವರು ಕನ್ನಡಕದ ಅಂಗಡಿಯವರು. ಗಿರಾಕಿಗಳಿಗಿಂತ ಹೆಚ್ಚಾಗಿ ಇಸ್ಪೀಟು ಎಲೆಗಳನ್ನು ಪರೀಕ್ಷಿಸಿ ಕಣ್ಣು ಕೆಡಿಸಿಕೊಂಡವರೆಂದು ಅವರಿಗೆ ಹೆಸರು. ಸಾವಿನ ಮನೆಯವರು ಬಂದರೆಂದು ಮುಖ ಸಪ್ಪಗೆ ಮಾಡಿಕೊಂಡು ಬಾಗಿಲು ತೆಗೆದವರು, ಚೀಟಿ ಓದಿದ್ದೇ ತಡ, ಮುಖ ಅರಳಿಸಿ ಎರಡು ಕಟ್ಟು ತಂದು ನೆಲದ ಮೇಲೆ ಕೂತೇಬಿಟ್ಟರು.

"ಇದು ಎರಡು ಕಟ್ಟಿನ ಆಟ ಕಣಮ್ಮ. ನೂರನಾಲ್ಕು ಎಲೆ. ನೋಡಿ, ಹೀಗೆ ಹತ್ತು ಸಾಲು. ಒಂದೊಂದರಲ್ಲಿ ನಾಲ್ಕು, ಎಲ್ಲ ಮುಖ ಮೇಲೆ. ಮಿಕ್ಕ ಅರವತ್ತನಾಲ್ಕು ಕೈಯಲ್ಲಿ. ಎಂಟು ಎಕ್ಕ ಬರ್ತವೆ, ಬಂದ ಹಾಗೆ ಮೇಲ್ಗಡೆ ಇಡೋದು. ಎಕ್ಕದ ಮೇಲೆ ಎರಡು, ಎರಡರ ಮೇಲೆ ಮೂರು, ಅದೇ ಬಣ್ಣ ಅದೇ ಗುರುತು, ರಾಜನ ತನಕ ಹತ್ತಿಸಬೇಕು. ಎಂಟೂ ರಾಜರು ಕೂತರೆ ಗೆದ್ದ ಹಾಗೆ."

"ಸುಲಭ" ಎಂದರು ಭಾವ.

"ಸುಲಭಾನಾ!" ಅಂಗಡಿಯವರು ಭಾವನನ್ನು ಕನಿಕರದಿಂದ ನೋಡಿದರು. "ಸಾಲಿನ ಕೊನೇ ಎಲೆ ಮಾತ್ರ ಮುಟ್ಟಬಹುದು. ಸಲಕ್ಕೆ ಒಂದೇ ಎಲೆ. ಕೈಯಿಂದ ಒಂದು ತೆಗೀತೀರಿ, ಏಳು ಬಂತು ಅನ್ನಿ. ಅದೇ ಗುರುತಿನ ಎಂಟು ಯಾವುದಾದ್ರೂ ಸಾಲಿನ ಕೊನೇಲಿದ್ರೆ ಅದರ ಮೇಲೆ ಇಡಬಹುದು. ಇಟ್ರಿ ಅಂದ್ರೆ ಎಂಟರ ಕೆಳಗಿರೋದೆಲ್ಲ ಮುಚ್ಚಿಹೋಯ್ತು. ಬೇಡ ಅಂದ್ರೆ ಪಕ್ಕದ ಕಸದ ಕಟ್ಟಿಗೆ ಹಾಕಬೇಕು. ಕೈಯಲ್ಲಿರೋದು ಒಂದು ಸಲ ಮುಗೀತು ಅಂದ್ರೆ ಮುಗೀತು, ಮತ್ತೆ ತಿರುವಿ ಹಾಕೋ ಹಾಗಿಲ್ಲ. ನಾನು ಮೂವತ್ತು ವರ್ಷದಿಂದ ಆಡ್ತಿದ್ದೀನಿ, ನಾಲ್ಕು ಸಲ ಗೆದ್ದಿದ್ದೀನಿ."

"ಐದು" ಎಂದು ಒಳಗಿನಿಂದ ಅವರ ಹೆಂಡತಿಯ ಧ್ವನಿ ಬಂತು. "ನನಗೆ ಹೆರಿಗೆ ನೋವು ಬಂದ ದಿನವೂ ಗೆದ್ದಿದ್ರಿ. ಎದ್ದು ಬರೋಕೆ ಅದೇ ಕಾರಣಕ್ಕೆ ತಡ ಆಗಿದ್ದು."

"ಎಷ್ಟು ಜನ ಆಡ್ತಾರೆ ಇದನ್ನ?" ಅವಳು ಕೇಳಿದಳು.

"ಒಬ್ಬರೇ. ಇದು ಒಬ್ಬರೇ ಆಡೋ ಆಟ."

"ಒಬ್ಬರೇ ಆಡೋ ಆಟಕ್ಕೆ 'ನಾನು ಬರುವ ತನಕ ಕಾಯಿರಿ' ಅಂತ ಬರೆದವರು ಯಾರು?"

ಕನ್ನಡಕದ ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. ಮೂವತ್ತು ವರ್ಷದಲ್ಲಿ ಇಂಥ ನಿಯಮ ಅವರ ಕಿವಿಗೆ ಬಿದ್ದಿರಲಿಲ್ಲ. ಒಳಗಿನಿಂದ ಮತ್ತೆ ಧ್ವನಿ ಬಂತು: "ಹೋಗಿ ನೋಡು ಮಗಳೇ. ನಾನಾಗಿದ್ರೆ ಇಷ್ಟು ಹೊತ್ತಿಗೆ ಆ ಬಾಗಿಲಲ್ಲಿರ್ತಿದ್ದೆ."

ಅವಳು ಅಲ್ಲೇ ಕೂತು ಎರಡು ಕಟ್ಟು ಕಲಸಿ ಒಂದು ಆಟ ಆಡಿದಳು. ಇನ್ನೊಬ್ಬಳಿಗೆ ಬರುವುದು ತನಗೆ ಬಾರದೆ ಇರಬಾರದು ಎಂಬುದಷ್ಟೇ ಉದ್ದೇಶ. ತೆರೆದ ಬಾಗಿಲಿನಿಂದ ಇದನ್ನು ಕಂಡ ಇಸ್ತ್ರಿಯವನು ಎದುರು ಮನೆಯವರಿಗೆ ಹೇಳಿದ. ಎದುರು ಮನೆಯವರು ತಿರುವಿನ ಮನೆಯವರಿಗೆ ಹೇಳಿದರು. ಮಧ್ಯಾಹ್ನದ ಹೊತ್ತಿಗೆ, ದುಃಖದಲ್ಲಿ ಅವಳು ಇಸ್ಪೀಟು ಕ್ಲಬ್ ತೆರೆಯುತ್ತಿದ್ದಾಳೆಂದೂ ಭಾವನೇ ಮ್ಯಾನೇಜರೆಂದೂ ಬೀದಿ ತೀರ್ಮಾನಿಸಿತು. ಕ್ಲಬ್ಬಿಗೆ ಸೇರುವುದು ಹೇಗೆಂದು ಒಬ್ಬರು ಅಕ್ಕನನ್ನು ಗುಟ್ಟಾಗಿ ಕೇಳಿಯೂ ಹೋದರು.

ಮರುದಿನ ಹನ್ನೆರಡಕ್ಕೆ ಭಾವ ಮತ್ತು ಅವಳು ನೀರಿನ ಘಟಕದ ಗೇಟಿನಲ್ಲಿದ್ದರು. ಭಾವ ತಮ್ಮ ಹಳೆಯ ತಪಾಸಣೆಯ ಕೋಟು ಹಾಕಿದ್ದರು. ಅವರ ವಿಧಾನ ಸರಳ: ಎಲೆಯನ್ನು ಥಟ್ಟನೆ ಮುಖದ ಮುಂದೆ ಹಿಡಿಯುವುದು, ಮುಖದ ಬಣ್ಣ ನೋಡುವುದು. ತೂಕದ ಬಟ್ಟು ಸವೆಸಿದ ವ್ಯಾಪಾರಿಗಳನ್ನೆಲ್ಲ ಹೀಗೆಯೇ ಹಿಡಿದದ್ದು.

ಮೊದಲು ಕ್ಯಾಂಟೀನಿನಾಕೆ. ಕೈತುಂಬ ಬಳೆ, ನಕ್ಕರೆ ಗಲ್ಲದಲ್ಲಿ ಗುಳಿ. ಅವಳು ಬಳೆಗಳನ್ನು ಎಣಿಸಿದಳು: ಎಡಗೈಯಲ್ಲಿ ಹನ್ನೆರಡು. ಇಷ್ಟು ಬಳೆ ಹಾಕಿಕೊಂಡು ಇಸ್ಪೀಟು ಹಂಚುವವರಿದ್ದಾರೆಯೆ? ಇರಬಹುದು. ಭಾವ ಎಲೆ ಹಿಡಿದರು.

"ಇದನ್ನ ಗುರುತಿಸ್ತೀರಾ?"

"ಅಯ್ಯೋ, ಈ ವಯಸ್ಸಲ್ಲಿ ಜೂಜಿಗೆ ಕರೀತೀರಲ್ಲ, ನಾಚಿಕೆ ಆಗಲ್ವಾ! ಅದೂ ಮಗಳನ್ನ ಪಕ್ಕದಲ್ಲಿ ನಿಲ್ಲಿಸ್ಕೊಂಡು!" ಎಂದು ಆಕೆ ಕಾವಲುಗಾರನನ್ನು ಕೂಗಿದಳು.

ಎರಡನೆಯದು ಪ್ರಯೋಗಾಲಯದ ಹುಡುಗಿ. ಸೊಂಟದ ತನಕ ಜಡೆ. ಜಡೆ ನೋಡಿದ ಕೂಡಲೇ ಇವಳೇ ಎಂದು ಅವಳು ಭಾವನಿಗೆ ಸನ್ನೆ ಮಾಡಿದಳು. ಹುಡುಗಿ ಎಲೆಯನ್ನು ಇಕ್ಕಳದಲ್ಲಿ ಹಿಡಿದು ತಿರುಗಿಸಿ ನೋಡಿದಳು.

"ಯಾವ ಟ್ಯಾಂಕಲ್ಲಿ ಸಿಕ್ತು ಸರ್? ಕುದಿಸಿ ಕುಡೀರಿ. ವರದಿ ಸೋಮವಾರ."

ಎಲೆಯನ್ನು ಆ ಹುಡುಗಿಯ ಗಾಜಿನ ಬಟ್ಟಲಿನಿಂದ ಬಿಡಿಸಿಕೊಳ್ಳುವ ಹೊತ್ತಿಗೆ ಸುದ್ದಿ ಸೂಪರಿಂಟೆಂಡೆಂಟರ ಕಿವಿಗೆ ಬಿದ್ದು, ಅವರೇ ಕರೆಸಿದರು. ತೆಳ್ಳಗಿನ, ಹೆದರಿಕೆಯ ಮನುಷ್ಯ. ಮೇಜಿನ ಮೇಲೆ ಎಲೆ ಇಟ್ಟೊಡನೆ ಕುರ್ಚಿಯನ್ನು ಹಿಂದೆ ಸರಿಸಿಕೊಂಡರು.

"ನೋಡಿ, ಕೆಲಸದ ಹೊತ್ತಲ್ಲಿ ಇಸ್ಪೀಟು. ಒಬ್ಬರೇ ಆಡಿದ್ರೆ ಅದು ಸೋಮಾರಿತನ. ಇಬ್ಬರು ಆಡಿದ್ರೆ ಜೂಜು. ಸೋಮಾರಿತನಕ್ಕೆ ನಮ್ಮಲ್ಲಿ ಫೈಲಿಲ್ಲ. ಜೂಜಿಗಿದೆ. ನಿಮ್ಮ ಯಜಮಾನರು ಒಬ್ಬರೇ ಆಡ್ತಿದ್ರು ಅಂತ ಎರಡು ಸಾಲು ಬರೆದುಕೊಟ್ಟುಬಿಡಿ ತಾಯಿ, ಎಲ್ಲರಿಗೂ ಒಳ್ಳೇದು."

"ಒಬ್ಬರೇ ಆಡಿಲ್ಲ" ಎಂದಳು ಅವಳು.

"ಆಡಿದ್ದಾರೆ ಅಂದ್ಕೊಳ್ಳಿ."

"ಇನ್ನೊಬ್ಬರಿದ್ದಾರೆ. ನನಗೆ ಅವರು ಬೇಕು."

"ಅಮ್ಮಾ, ಸತ್ತವರ ಮಾನ—"

"ಮಾನ ನಾನು ನೋಡ್ಕೊಳ್ತೀನಿ. ನೀವು ಹೆಂಗಸನ್ನ ತೋರಿಸಿ."

ಸೂಪರಿಂಟೆಂಡೆಂಟರು ಭಾವನ ಕಡೆ ತಿರುಗಿದರು, ಗಂಡಸಿಗೆ ಗಂಡಸು ಅರ್ಥ ಮಾಡಿಕೊಳ್ಳುತ್ತಾರೆಂಬ ಆಸೆಯಿಂದ. ಭಾವ ಚೀಟಿಯನ್ನು ಓದಿ ಹೇಳಿದರು. ಓದಿದ್ದು ಸ್ವಲ್ಪ ಗಟ್ಟಿಯಾಗಿಯೇ ಆಯಿತು. ಬಾಗಿಲ ಹೊರಗೆ ಸೇರಿದ್ದ ಗುಮಾಸ್ತರೆಲ್ಲ ಒಟ್ಟಿಗೆ ಉಸಿರೆಳೆದರು. ಸೂಪರಿಂಟೆಂಡೆಂಟರು ಚೀಟಿ ಇಸಿದುಕೊಂಡು ಅಕ್ಷರ ನೋಡಿ, ಕುರ್ಚಿಯನ್ನು ಇನ್ನೂ ಒಂದು ಗೇಣು ಹಿಂದೆ ಸರಿಸಿದರು.

"ಅವರಾ! ಅವರ ಹತ್ತಿರ ನಾನಂತೂ ಮಾತಾಡಲ್ಲ. ಮೀಟರು ಕೋಣೆ. ಎರಡು ಗಂಟೆ ಪಾಳಿಯವರು. ಹನ್ನೊಂದು ದಿನದಿಂದ ಆ ಮೇಜು ಮುಟ್ಟೋಕೆ ಯಾರನ್ನೂ ಬಿಟ್ಟಿಲ್ಲ. ಹೊಸದಾಗಿ ಬಂದಿರೋ ಬೆಳಗಿನ ಪಾಳಿಯವನು ಊಟದ ಡಬ್ಬಿ ಮಡಿಲಲ್ಲಿಟ್ಕೊಂಡು ತಿಂತಿದ್ದಾನೆ."

ಎರಡು ಹೊಡೆಯುವ ತನಕ ಕಾದು ಒಳಗೆ ಹೋದರು. ಮೀಟರು ಕೋಣೆಯಲ್ಲಿ ಆರು ದೊಡ್ಡ ಮೀಟರುಗಳು, ಗೋಡೆಯಾಚೆ ಪಂಪುಗಳ ಗುಂಯ್ ಸದ್ದು. ಕಿಟಕಿಯ ಪಕ್ಕದಲ್ಲಿ ಉದ್ದನೆಯ ಮೇಜು. ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ನಾಲ್ಕು ಮೂಲೆಗೆ ನಾಲ್ಕು ದಪ್ಪ ಕಬ್ಬಿಣದ ನಟ್ಟು. ಹಾಳೆಯ ಕೆಳಗೆ ಹತ್ತು ಸಾಲು ಎಲೆ.

ಮೇಜಿನ ಹಿಂದೆ ಕೂತಿದ್ದ ಹೆಂಗಸಿಗೆ ಐವತ್ತೈದು ದಾಟಿತ್ತು. ಬಾಗಿಲಿನಷ್ಟು ಎತ್ತರ, ದಾರ ಕಟ್ಟಿದ ಕನ್ನಡಕ, ಬಾಯಲ್ಲಿ ಲವಂಗ. ಭಾವ ಕವರನ್ನು ಥಟ್ಟನೆ ಹೊರತೆಗೆದರು. ಆಕೆಯ ಮುಖದ ಬಣ್ಣ ಬದಲಾಗಲೇ ಇಲ್ಲ.

"ತಂದ್ರಾ? ಹನ್ನೊಂದು ದಿನ ಆಯ್ತು. ಕಳ್ಳ."

ಭಾವನ ಕೈ ಗಾಳಿಯಲ್ಲೇ ನಿಂತಿತು. "ಸತ್ತವರನ್ನ ಹಾಗೆಲ್ಲ—"

"ಬದುಕಿದ್ದಾಗಲೂ ಕಳ್ಳ ಅಂತಲೇ ಹೇಳ್ತಿದ್ದೆ. ಹೇಳ್ತಿದ್ದೆ ಅಂದ್ರೆ ಬರೀತಿದ್ದೆ. ಮಾತು ಬಿಟ್ಟು ನಾಲ್ಕು ವರ್ಷ ಆಗಿತ್ತು."

"ಮಾತೇ ಇರಲಿಲ್ವಾ?" ಅವಳು ಕೇಳಿದಳು.

"ಮೂರನೇ ವಾಲ್ವು ಬಿಗಿ ಮಾಡಿ ಹೋಗಿ ಅಂದೆ. ಮಾಡಿದ್ದೀನಿ ಅಂದ್ರು. ಮಾಡಿರಲಿಲ್ಲ. ನನ್ನ ಚಪ್ಪಲಿ ತೇಲಿ ಹೋಯ್ತು. ಅವತ್ತಿಂದ ಚೀಟಿ." ಆಕೆ ಲವಂಗವನ್ನು ಇನ್ನೊಂದು ದವಡೆಗೆ ದಾಟಿಸಿದರು. "ಪಾಳಿಗೆ ಒಂದೇ ಎಲೆ ತೆಗೀಬೇಕು, ಅದು ನಮ್ಮ ನಿಯಮ. ಬೆಳಿಗ್ಗೆ ಅವರದು ಒಂದು, ಮಧ್ಯಾಹ್ನ ನನ್ನದು ಒಂದು. ರಾತ್ರಿಯವನಿಗೆ ನಿದ್ದೆ ಬಿಟ್ಟು ಏನೂ ಬೇಡ. ಹಾಗಾಗಿ ಒಂದು ಆಟ ಒಂದು ತಿಂಗಳು ಬರುತ್ತೆ. ತೆಗೆದ ಎಲೆ ಎಲ್ಲಿಡೋದು ಅಂತ ತೋಚದೇ ಇದ್ರೆ ಈ ಮನುಷ್ಯ ಏನು ಮಾಡ್ತಿದ್ರು ಗೊತ್ತಾ? ಮನೆಗೆ ಒಯ್ತಿದ್ರು! ಯೋಚನೆ ಮಾಡೋಕಂತೆ. ಒಂದು ದಿನಕ್ಕೆ ಎರವಲು ಅಂತ ಬರೆದಿಟ್ಟು ಹೋಗೋದು. ಅವರು ಇಡೋ ತನಕ ನಾನು ನನ್ನದು ತೆಗೆಯೋ ಹಾಗಿಲ್ಲವಲ್ಲ."

"ನೀವು ಒಯ್ದಿಲ್ವಾ?" ಎಂದರು ಭಾವ, ತಪಾಸಣೆಯ ಧ್ವನಿಯಲ್ಲಿ.

"ಹೋದ ವರ್ಷ ಆಟೀನು ಗುಲಾಮ ಹದಿನೈದು ದಿನ ನಮ್ಮನೆ ಸಕ್ಕರೆ ಡಬ್ಬೀಲಿದ್ದ. ಅದು ಬೇರೆ ವಿಷಯ."

ಬಾಗಿಲ ಹೊರಗೆ ಗೋಡೆಗೆ ಒರಗಿ ಕೇಳಿಸಿಕೊಳ್ಳುತ್ತಿದ್ದ ಸೂಪರಿಂಟೆಂಡೆಂಟರ ಧ್ವನಿ ಉತ್ಸಾಹದಿಂದ ಬಂತು: "ಅಂದ್ರೆ ಒಂದು ಹೊತ್ತಿಗೆ ಒಬ್ಬರೇ! ಒಬ್ಬರೇ ಆಡಿದ ಹಾಗಾಯ್ತು! ನಾನು ಹಾಗಂತ ಬರ್ಕೋತೀನಿ!" ಬೂಟಿನ ಸದ್ದು ದೂರವಾಯಿತು.

ಅವಳು ಮಾತ್ರ ನಿಂತಲ್ಲಿಂದ ಕದಲಲಿಲ್ಲ.

"ಎರಡರಿಂದ ಮೂರೂವರೆ ತನಕ ಇವರು ಇಲ್ಲೇ ಇರ್ತಿದ್ರಾ?"

"ಇಲ್ಲಲ್ಲ. ಅಲ್ಲಿ." ಆಕೆ ಕಿಟಕಿಯತ್ತ ಗದ್ದ ಎತ್ತಿದರು. ಹೊರಗೆ ಒಂದು ಮೋಟು ಗೋಡೆ, ಅದರ ಮೇಲೆ ಒಬ್ಬ ಮನುಷ್ಯ ಕೂತು ಕೂತು ನುಣುಪಾದ ಜಾಗ. "ನಾನು ಯಾವ ಎಲೆ ತೆಗೀತೀನಿ ಅಂತ ಇಣುಕ್ತಾ ಕೂರ್ತಿದ್ರು. ನಾನು ಬೇಕಂತಲೇ ಮೂರೂವರೆ ತನಕ ತೆಗೀತಿರಲಿಲ್ಲ. ಅವರೂ ಏಳ್ತಿರಲಿಲ್ಲ. ಹೊಟ್ಟೆಕಿಚ್ಚಿನ ಆಸಾಮಿ."

ಅವಳು ಆ ಜಾಗವನ್ನು ನೋಡಿದಳು. ಆಮೇಲೆ ಮೇಜನ್ನು ನೋಡಿದಳು. ಇನ್ನೂ ತೆಗೆಯದ ಎಲೆಗಳು ಒಂದು ಬದಿಯಲ್ಲಿ ಮಗುಚಿದ್ದವು. ಮೇಲಿನ ಎಲೆಯ ಹಿಂಬದಿ ಕೆಂಪು. ಅದರ ಮೂಲೆಯಲ್ಲಿ ಹಸಿರು ಶಾಯಿಯ ಕಲೆ, ಹಾಸ್ಟೆಲಿನಲ್ಲಿ ಪರೀಕ್ಷೆಯ ಹಿಂದಿನ ದಿನ ಚೆಲ್ಲಿದ್ದು.

"ಇದು ನನ್ನ ಕಟ್ಟು."

"ನೀಲಿ ನಂದು. ಕೆಂಪು ಅವರು ತಂದಿದ್ದು."

"ನನ್ನದು. ಕಳೆದುಹೋಯ್ತು ಅಂದಿದ್ರು." ಅವಳ ಧ್ವನಿ ಒಂದು ಮೆಟ್ಟಿಲು ಏರಿತು. "ನನ್ನ ಜೊತೆ ಆಡೋಕೆ ಬರಲ್ಲ ಅಂದವರು, ನನ್ನದೇ ಕಟ್ಟು ತಂದು ನಿಮ್ಮ ಜೊತೆ ಆಡ್ತಿದ್ರು. ಯಾಕೆ?"

ಆಕೆ ಮೊದಲ ಸಲ ಕನ್ನಡಕ ಏರಿಸಿ ಅವಳನ್ನು ಸರಿಯಾಗಿ ನೋಡಿದರು.

"ಓ, ಆ ಹೆಂಡತಿ ನೀವೇ! ಐದು ವರ್ಷದ ಹಿಂದೆ ಆ ಕಟ್ಟು ಹಿಡ್ಕೊಂಡು ಬಂದ್ರು. ಹೊಸದಾಗಿ ಮದುವೆ ಆಗಿದೆ, ಅವಳು ಓದಿದವಳು, ಇಸ್ಪೀಟಲ್ಲಿ ನನ್ನನ್ನ ಒರೆಸಿ ಹಾಕಿದಳು, ಮಾನ ಹೋಯ್ತು, ಸ್ವಲ್ಪ ಕಲಿಸಿಕೊಡಿ ಅಂದ್ರು. ಅತಿ ಕಷ್ಟದ್ದು ಕಲಿತ್ರೆ ಮಿಕ್ಕಿದ್ದು ತಾನಾಗೇ ಬರುತ್ತೆ ಅಂತ ನಾನೇ ಇದನ್ನ ಹಚ್ಚಿದೆ. ಒಂದೇ ಒಂದು ಸಲ ಪೂರ್ತಿ ಮುಗಿಸ್ತೀನಿ, ಆಮೇಲೆ ಮನೇಲಿ ಕೂತು ಅವಳ ಜೊತೆ ಆಡ್ತೀನಿ ಅಂತಿದ್ರು."

"ಮುಗಿಸಿದ್ರಾ?"

"ಈ ಆಟಾನಾ? ಇದನ್ನ ಯಾರು ಮುಗಿಸ್ತಾರೆ!"

ಪಂಪು ಗುಂಯ್ ಎನ್ನುತ್ತಿತ್ತು. ಭಾವ ಕೋಟಿನ ಜೇಬುಗಳನ್ನೆಲ್ಲ ತಡಕಾಡಿದರು. ಟವೆಲ್ ಮನೆಯಲ್ಲಿ ಅಕ್ಕನ ಹೆಗಲ ಮೇಲಿತ್ತು. ಅದೇನೂ ಬೇಕಾಗಲಿಲ್ಲ. ಅವಳು ಮೇಜಿನ ಹತ್ತಿರ ಹೋಗಿ ನಾಲ್ಕು ನಟ್ಟುಗಳನ್ನೂ ಒಂದೊಂದಾಗಿ ತೆಗೆದು, ಹಾಳೆ ಸರಿಸಿ, ಮೊದಲಿನಿಂದ ಎಣಿಸಿದಳು. ಆರನೇ ಸಾಲು. ಕೊನೆಯ ಎಲೆ ಕಳಾವರ್ ಎಂಟು.

"ಅಲ್ಲಿ ಬೇಡ. ಆ ಎಂಟರ ಕೆಳಗೆ ಇಸ್ಪೀಟು ಎಕ್ಕ ಇದೆ" ಎಂದರು ಆಕೆ ಅವಸರವಾಗಿ. "ಕಳಾವರ್ ಒಂಬತ್ತು ಬಂದ ಕೂಡಲೇ ಎಂಟನ್ನ ಅದರ ಮೇಲೆ ಸಾಗಿಸಿ ಎಕ್ಕ ಬಿಡಿಸ್ಬೇಕು. ಒಂದು ತಿಂಗಳು ಕಾದಿದ್ದೀನಿ ಅದಕ್ಕೆ. ಆ ಏಳು ಕಸದ ಕಟ್ಟಿಗೆ ಹೋಗಬೇಕು. ಕಸಕ್ಕೆ ಹಾಕಲ್ಲ, ಎಂಟರ ಮೇಲೇ ಇಡ್ತೀನಿ ಅಂತ ನಿಮ್ಮ ಯಜಮಾನರ ಹಟ. ಕೊಡಿ ಇಲ್ಲಿ, ನಾನು ಹಾಕ್ತೀನಿ."

ಆಕೆ ಕೈ ಚಾಚಿದರು. ಅವಳು ಕವರಿನಿಂದ ಎಲೆ ತೆಗೆದು, ಸೆರಗಿನಿಂದ ಒಮ್ಮೆ ಒರೆಸಿ, ಚಾಚಿದ ಕೈಯನ್ನು ದಾಟಿಸಿ ಆರನೇ ಸಾಲಿಗೆ ಒಯ್ದಳು. ಎಂಟರ ಮೇಲೆ ಏಳನ್ನು ಇಟ್ಟಳು. ಅಂಚಿಗೆ ಅಂಚು ಸೇರಿಸಿದಳು.

"ಆರನೇ ಸಾಲು ಮುಟ್ಟಬೇಡಿ ಅಂತ ಬರೆದಿದ್ದೆ!"

"ಓದಿದೆ" ಎಂದಳು ಅವಳು.

ಎರಡು ಗಂಟೆ ಪಾಳಿಯವರ ದವಡೆ ನಿಂತಿತು. ಅವರು ಡ್ರಾಯರು ಎಳೆದು, ಒಂದು ಕಾಗದ ಹರಿದು, ದುಂಡನೆಯ ಅಕ್ಷರದಲ್ಲಿ ಏನೋ ಗೀಚಿ, ಎರಡಡಿ ದೂರದಲ್ಲಿ ನಿಂತಿದ್ದ ಅವಳತ್ತ ಮೇಜಿನ ಮೇಲೇ ತಳ್ಳಿದರು.

ಭಾವ ಬಗ್ಗಿ, ತಪಾಸಣೆಯ ಅಭ್ಯಾಸದಂತೆ ಗಟ್ಟಿಯಾಗಿ ಓದಿದರು:

"ನಿಮ್ಮ ಜೊತೆಗೂ ಮಾತು ಬಿಟ್ಟಿದ್ದೇನೆ. ಇವತ್ತಿನ ಎಲೆ ನನ್ನದು. ನಿಮ್ಮದು ನಾಳೆ, ಎರಡರೊಳಗೆ."